ಮಲ್ಕಾಜಪ್ಪನ ಹೊಲದ ಕೆಂಪು ವೃತ್ತ

ಸಿಡಿಲುಗಣಕದ ಪರದೆಯ ಮೇಲೆ ಕೆಂಪು ವೃತ್ತವೊಂದು ಮೂಡಿದ ಕೂಡಲೇ ನೀಲಗಂಗಾ ಮೈಕ್ ಕೈಗೆತ್ತಿಕೊಂಡಳು. ಮೋಡಕ್ಕೂ ನೆಲಕ್ಕೂ ನಡುವೆ ಕೂಡಿಬರುವ ವಿದ್ಯುದಂಶವನ್ನು ಅಳೆದು, ಸಿಡಿಲು ಯಾವ ಹೊಲಕ್ಕೆ ಬೀಳುತ್ತದೆಂದು ಅರ್ಧ ಗಂಟೆ ಮೊದಲೇ ತೋರಿಸುವ ಯಂತ್ರವದು. ಡೋಣಿ ನದಿಯ ಬಯಲಿನ ಊರೂರಿಗೂ ಧ್ವನಿವರ್ಧಕ ಕಟ್ಟಿದ್ದರು. ಪ್ರತಿಯೊಬ್ಬರ ಮೊಬೈಲೂ ಪರದೆಯ ಮೇಲೊಂದು ಹಸಿರು ಚುಕ್ಕೆಯಾಗಿ ಕಾಣುತ್ತಿತ್ತು. ಮೊದಮೊದಲು ಸರ್ವೆ ನಂಬರು ಕೂಗುತ್ತಿದ್ದರು. ಹೊಲವನ್ನು ನಂಬರಿನಿಂದ ಗುರುತಿಸುವವರು ಯಾರಿದ್ದಾರೆ? ಒಬ್ಬರೂ ಕದಲಲಿಲ್ಲ. ಒಡೆಯನ ಹೆಸರು ಹಿಡಿದೇ ಕೂಗೋಣವೆಂದು ನೀಲಗಂಗಾಳೇ ಸೂಚಿಸಿದ್ದಳು.

“ಮಲ್ಕಾಜಪ್ಪನ ಹೊಲಕ್ಕ ಸಿಡ್ಲ ಬೀಳತೈತಿ! ಅಲ್ಲಿದ್ದಾವ್ರು ಹೊರಗ ಬರ್ರಿ!”

ಮಲ್ಕಾಜಪ್ಪ ಅವಳ ಸೋದರಮಾವ.

ಚುಕ್ಕೆಗಳು ಕದಲಿದವು. ಆದರೆ ಊರಿನಿಂದ, ಹಳ್ಳದ ದಂಡೆಯಿಂದ, ಅಕ್ಕಪಕ್ಕದ ಹೊಲಗಳಿಂದ ಎಲ್ಲವೂ ವೃತ್ತದ ಕಡೆಗೇ ಓಡತೊಡಗಿದವು.

“ಇವರೇಕೆ ಒಳಗೆ ಹೋಗುತ್ತಿದ್ದಾರೆ?” ಯಂತ್ರವನ್ನು ರೂಪಿಸಿದ ವಿಜ್ಞಾನಿ ವಾದಿರಾಜರು ಗಾಬರಿಯಾದರು.

“ಹೆಸರ ಹಿಡದ ಕೂಗೀನಲ್ರಿ, ಸರ. ಮಲ್ಕಾಜಪ್ಪಗ ಆಪತ್ತ ಬಂದೈತಿ ಅಂದ್ರ ಮಂದಿ ಮನ್ಯಾಗ ಹ್ಯಾಂಗ ಕುಂಡ್ರತಾರ್ರಿ?”

ವಾದಿರಾಜರ ಯಾವ ಸಮೀಕರಣದಲ್ಲೂ ಈ ಮಾತಿರಲಿಲ್ಲ. ಹೊಲದ ಕಡೆ ಹೋಗಬೇಡಿರೆಂದು ಮತ್ತೆ ಕೂಗಿಸಿದರು. ಅದನ್ನು ಕೇಳಿ ಉಳಿದವರೂ ಹೊರಟರು.

ಅಷ್ಟರಲ್ಲಿ ಮಾವನ ಫೋನು ಬಂತು. ಹೊಲದ ಎರೆಮಣ್ಣಿನ ಕೆಸರಿನಲ್ಲಿ ಬಂಡಿ ಮಗುಚಿ ಅವನ ಕಾಲ ಮೇಲೆ ಬಿದ್ದಿತ್ತು.

“ಜನ ಅಲ್ಲಿಗೆ ಮುಟ್ಟುವುದಕ್ಕೂ ಸಿಡಿಲು ಬೀಳುವುದಕ್ಕೂ ಸರಿಹೋಗುತ್ತದಮ್ಮ,” ಎಂದರು ವಾದಿರಾಜರು. “ಬಂಡಿ ಎತ್ತಲು ಸಮಯವಿಲ್ಲ.”

ಎತ್ತಿ ಆಡಿಸಿದ ಮಾವ ಒಂದು ಕಡೆ, ಇಡೀ ಊರು ಒಂದು ಕಡೆ. ನೀಲಗಂಗಾ ಅಳುತ್ತಲೇ ಮೈಕ್ ಹಿಡಿದಳು.

“ಯಾರೂ ಹೋಗಬ್ಯಾಡ್ರಿ. ಮಲ್ಕಾಜಪ್ಪ ಆಗಳೇ ಮನಿ ಮುಟ್ಯಾನ.”

ಚುಕ್ಕೆಗಳು ನಿಂತವು. ಒಂದೊಂದಾಗಿ ಊರ ಕಡೆ ತಿರುಗಿದವು.

ಧ್ವನಿವರ್ಧಕದ ಮಾತು ಬಯಲು ದಾಟಿ ಮಲ್ಕಾಜಪ್ಪನಿಗೂ ಕೇಳಿಸಿತ್ತು. “ಛಲೋ ಹೇಳಿದೆವ್ವಾ,” ಎಂದ ಅವನು ಫೋನಿನಲ್ಲಿ. “ಮಂದಿ ಎಲ್ಲಾ ಹೊಳ್ಳಿದ್ರೇನು?”

ಒಂದು ಚುಕ್ಕೆ ಮಾತ್ರ ಹಿಂದಿರುಗಿರಲಿಲ್ಲ. ಅದು ಮಲ್ಕಾಜಪ್ಪನ ಹೆಂಡತಿಯದು, ನೀಲಗಂಗಾಳ ಅತ್ತೆಯದು. ಮನೆಗೆ ಬೀಗ ಹಾಕಿ ಓಡಿಬಂದವಳಿಗೆ, ಆ ಮನೆಯಲ್ಲಿ ಗಂಡನಿಲ್ಲವೆಂದು ಗೊತ್ತಿತ್ತು. ಚುಕ್ಕೆ ವೃತ್ತದ ಅಂಚು ಮುಟ್ಟಿತು.

“ಹೂಂ ಮಾವಾ,” ಎಂದಳು ನೀಲಗಂಗಾ. “ಎಲ್ಲಾರೂ ಹೊಳ್ಳಿದ್ರು.”