ಬರೀ ಎಂದರೆ ಬರಿ ಅಲ್ಲ

ಒಂದು ದೀರ್ಘದ ಎಳೆತ ಒಬ್ಬಳ ಬಾಳನ್ನೇ ಎಳೆದಾಡಿತೆಂದರೆ ನೀವು ನಂಬಲಿಕ್ಕಿಲ್ಲ. ಆದರೆ ನಡೆದದ್ದು ಹೀಗೇ!

ಔಷಧಿ ಅಂಗಡಿಯವರ ಮಗಳಿಗೆ ಪ್ರವೇಶ ಪರೀಕ್ಷೆಯಲ್ಲಿ ಮುನ್ನೂರಕ್ಕೆ ಇನ್ನೂರ ಎಂಬತ್ತಾರು ಬಂದಿತ್ತು. ಅವಳು ಆಸೆಪಟ್ಟ ವೈದ್ಯಕೀಯ ಕಾಲೇಜಿಗೆ ಅಷ್ಟು ಧಾರಾಳ ಸಾಕು. ಅಪ್ಪ ಗಿರಾಕಿಗಳಿಗೆ ಮಾತ್ರೆಗಿಂತ ಮೊದಲು ಮಗಳ ಅಂಕ ಕೊಡುತ್ತಿದ್ದರು.

ಸಂಜೆ ಕೋಚಿಂಗ್ ಕಚೇರಿಯ ನಂಬರಿನಿಂದ ಫೋನ್ ಬಂತು.

"ಏನಮ್ಮಾ ಇದು... ಇಷ್ಟೇನಾ?" ಮೇಷ್ಟ್ರ ಗೊಗ್ಗರು ದನಿ!

"ಸರ್... ಇನ್ನೂ ಬರಬೇಕಿತ್ತಾ?"

"ಬರೀ..."

ಫೋನ್ ಕಟ್!

ಆ ಕಡೆ ರಿಸೀವರ್ ಹಿಡಿದಿದ್ದವನು ಹಿಂದಿನ ಬೆಂಚಿನ ಟೇಪು. ಯಾರ ದನಿಯನ್ನಾದರೂ ಕೇಳಿದಂತೆಯೇ ಒಪ್ಪಿಸುತ್ತಿದ್ದುದಕ್ಕೆ ಹುಡುಗರು ಇಟ್ಟ ಹೆಸರು. ಎರಡು ವರ್ಷ ಅವಳ ಜಡೆಯನ್ನಷ್ಟೇ ನೋಡಿದ್ದವನಿಗೆ ಮಾತಾಡಲು ಸ್ವಂತ ದನಿ ಸಾಲದೆ, ಸಾಲ ಪಡೆದಿದ್ದ. 'ಬರೀ ತಮಾಷೆ, ಕಂಗ್ರಾಟ್ಸ್!' ಎನ್ನಬೇಕಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ನಿಜವಾದ ಮೇಷ್ಟ್ರ ಬೂಟಿನ ಸದ್ದು!

ಅವಳಿಗೆ ಕೇಳಿಸಿದ್ದು 'ಬರಿ'. ಮತ್ತೊಮ್ಮೆ ಬರಿ!

"ಸಾಕಾಗಿರೋದು ಸಾಕಾಗಲ್ಲ ಅಂತ ಯಾರೇ ಹೇಳಿದ್ದು?" ಅಮ್ಮ ಗೊಣಗಿದಳು.

"ಮೇಷ್ಟ್ರೇ ಹೇಳಿದ್ರಮ್ಮಾ!"

ಮತ್ತೆ ಬರೆದರೆ ಹಳೆಯ ಅಂಕ ರದ್ದು. ಗೊತ್ತಿದ್ದೂ ಅರ್ಜಿ ತುಂಬಿದಳು. ಮರುಪರೀಕ್ಷೆಯವರಿಗೆ ಪಾಠ ಮಾಡುವವರು ಬೇರೆ. ಅಲ್ಲಿ ಅವಳ ಪಕ್ಕ ಟೇಪು!

"ನಂದು ಮೂರನೇ ಸಲ. ನೀವ್ಯಾಕೆ ಇಲ್ಲಿ?"

"ಮೇಷ್ಟ್ರು ಫೋನ್ ಮಾಡಿ ಬರಿ ಅಂದ್ರು."

ಅದು ತನ್ನದೇ ಫೋನ್ ಎಂದು ಅವನಿಗೆ ಹೊಳೆಯಿತು. ಹೇಳಿಬಿಡು! ಅರ್ಜಿ ಹಿಂಪಡೆಯಲು ಇನ್ನೂ ಮೂರು ದಿನವಿದೆ...

"ನನ್ನ ಪೆನ್ನು ಮುಷ್ಕರ ಹೂಡಿದೆ. ನಿಮ್ದು ಕೊಡ್ತೀರಾ?" ಎಂದು ಅವಳು ನಕ್ಕಳು.

ಮೂರು ದಿನ ಹಾಗೇ ಕಳೆಯಿತು. ನಾಲ್ಕು ತಿಂಗಳಲ್ಲಿ 'ನೀವು' ಹೋಗಿ 'ನೀನು' ಆಯಿತು.

ಫಲಿತಾಂಶ... ಇನ್ನೂರ ಅರವತ್ತೊಂದು! ಸೀಟು ಕೈತಪ್ಪಿತು.

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಇನ್ನೂರ ಎಂಬತ್ತಾರು ಕೈಲಿಟ್ಕೊಂಡು ಮತ್ತೆ ಬರೆಯೋಕೆ ಯಾರಮ್ಮಾ ಹೇಳಿದ್ದು?"

"ನೀವೇ ಅಲ್ವಾ ಸರ್... ಫೋನಲ್ಲಿ..."

"ನಾನ್ಯಾವತ್ತಮ್ಮಾ ಫೋನ್ ಮಾಡಿದೆ?"

ಹೊರಬಂದವಳೆದುರು ಟೇಪು ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಫೋನ್ ಮಾಡಿದ್ದು ನಾನು. ಬರೀ ತಮಾಷೆ ಅನ್ನೋಕೆ ಹೊರಟಿದ್ದೆ..." ಈ ಸಲ ಅವನದೇ ದನಿ. "ಆಮೇಲೆ... ನೀನು ಪಕ್ಕದಲ್ಲೇ ಇರ್ಲಿ ಅಂತ ಬಾಯಿ ಮುಚ್ಕೊಂಡೆ. ನಿನ್ನ ಅಷ್ಟು ಇಷ್ಟಪಟ್ಟೆ ಕಣೇ."

ಅವಳು ದಿಟ್ಟಿಸಿದಳು. ತುಟಿ ಅದುರಿತು. ಥಟ್ಟನೆ ನಗು ಒಡೆಯಿತು! ಮೆಟ್ಟಿಲ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಫಲಿತಾಂಶ ನೋಡಲು ಬಂದಿದ್ದ ಹುಡುಗರೂ ಏಕೆಂದು ತಿಳಿಯದೆ ನಗತೊಡಗಿದರು.

"ನಗಬೇಡ ಕಣೇ... ಹೊಡಿ. ಬೈಯಿ!"

"ಬೈಯೋಕೆ ಶುರು ಮಾಡಿದ್ರೆ ನಿನ್ನ ಬಿಟ್ಟೇ ಹೋಗ್ಬೇಕಾಗತ್ತೆ ಕಣೋ..."

ಕಣ್ಣೊರೆಸಿಕೊಂಡು, ಅಲ್ಲಿದ್ದ ಎಲ್ಲರಿಗಿಂತ ಜೋರಾಗಿ ಅವಳು ಮತ್ತೆ ನಕ್ಕಳು.