ಕಣ್ಣಿನ ಮೂಲೆಯ ಹೊಲಿಗೆ

1982ರ ಸೆಪ್ಟೆಂಬರ್ 14, ಬೆಳಿಗ್ಗೆ ಹತ್ತೂವರೆ. ರಾಯಚರ್ಲಿನಲ್ಲಿ ಕುರಿ ಸಾಕಿಕೊಂಡಿದ್ದ ಗಿರಿಯಮ್ಮ ಹತ್ತೊಂಬತ್ತರ ಮಗಳು ಜುಂಜಮ್ಮನನ್ನು ಕೈಹಿಡಿದು ಪಾವಗಡ ಠಾಣೆಗೆ ಕರೆತಂದಳು. ಹುಡುಗಿಯ ಕಣ್ಣುಗಳು ಊದಿದ್ದವು. ಮೂಗಿನ ಪಕ್ಕದ ಮೂಲೆಗಳಲ್ಲಿ ಕಪ್ಪು ದಾರದ ಹೊಲಿಗೆ, ಎಡಗಡೆಯದು ಕೀವುಗಟ್ಟಿತ್ತು.

"ಯಾರೋ ನನ್ನ ಮಗಳ ಕಣ್ಣು ಕುಯ್ದವ್ರೆ ಸಾಮಿ. ಯಾರೂಂತ ಬಾಯಿ ಬುಡ್ತಿಲ್ಲ."

ನೋಡಲು ಬಂದ ಮೂರು ಗಂಡಿನ ಕಡೆಯವರೂ ಮೆಳ್ಳೆಗಣ್ಣೆಂದು ಎದ್ದು ಹೋಗಿದ್ದರಂತೆ. ಸಬ್ ಇನ್ಸ್‌ಪೆಕ್ಟರ್ ಶಂಕರಲಿಂಗಪ್ಪ ಎಫ್‌ಐಆರ್ ದಾಖಲಿಸಿ ಹುಡುಗಿಯನ್ನು ಆಸ್ಪತ್ರೆಗೆ ಕಳುಹಿಸಿದರು.

ಅವಳಿಗೆ ಮೆಳ್ಳೆಗಣ್ಣು ಇರಲೇ ಇಲ್ಲವೆಂದು ವೈದ್ಯರು ತಿಳಿಸಿದರು. ಕಣ್ಣಿನ ಒಳಮೂಲೆಗಳ ಮೇಲೆ ಹುಟ್ಟಿನಿಂದ ಚರ್ಮದ ಸಣ್ಣ ಮಡಿಕೆ ಇದ್ದುದರಿಂದ ಹಾಗೆ ಕಾಣುತ್ತಿತ್ತು, ಅಷ್ಟೇ. ಯಾರೋ ಆ ಮಡಿಕೆಯನ್ನು ಕತ್ತರಿಸಿ ಹೊಲಿದಿದ್ದರು. ಹೊಲಿಗೆ ಪಳಗಿದ ಕೈಯದು. ಆದರೆ ಎಡಗಣ್ಣಿನ ಕಣ್ಣೀರಿನ ನಾಳ ತುಂಡಾಗಿದ್ದು, ಇನ್ನು ಆ ಕಣ್ಣು ಸದಾ ಸೋರುತ್ತಲೇ ಇರುತ್ತದೆ ಎಂದರು.

ಕಾನ್‌ಸ್ಟೇಬಲ್ ಅಡವಯ್ಯ ಎರಡು ದಿನ ಔಷಧದ ಅಂಗಡಿಗಳಲ್ಲಿ ವಿಚಾರಿಸಿದ. ನೋವು ತಿಳಿಯದಂತೆ ಮರಗಟ್ಟಿಸುವ ಇಂಜೆಕ್ಷನ್ ಒಯ್ದವನ ಹೆಸರು ವೈ.ಎನ್.ಹೊಸಕೋಟೆಯಲ್ಲಿ ಸಿಕ್ಕಿತು: ಚಿಕ್ಕನರಸಯ್ಯ. ಎಲ್ಲೋ ದೂರದ ಕಣ್ಣಾಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಅಟೆಂಡರ್ ಆಗಿದ್ದು ನಿವೃತ್ತನಾದವನು.

17ರ ಮಧ್ಯಾಹ್ನ ಶಂಕರಲಿಂಗಪ್ಪ ಪಂಚರ ಸಮ್ಮುಖದಲ್ಲಿ ಅವನ ಮನೆ ಶೋಧಿಸಿದರು. ಬಾಗಿದ ಸೂಜಿ, ಸಣ್ಣ ಕತ್ತರಿ, ರೇಷ್ಮೆ ದಾರ ಸಿಕ್ಕವು. ಕಿಟಕಿಯಿಲ್ಲದ ಆ ಕತ್ತಲ ಕೋಣೆಯಲ್ಲಿ ಪಂಚನಾಮೆ ಬರೆಯುವಾಗ ಮುದುಕ ತಾನೇ ದೀಪ ಹಿಡಿದು ನಿಂತಿದ್ದ.

"ಜುಂಜಮ್ಮನ ಕಣ್ಣು ಕೊಯ್ದವನು ನೀನಾ?"

"ಹೂಂ, ನಾನೇ."

"ನೀನು ಡಾಕ್ಟರಲ್ಲ ಅಂತ ಅವಳಿಗೆ ಗೊತ್ತಿತ್ತಾ?"

"ಹೇಳಿದ್ದೆ. ಆದ್ರೂ ಮೂರು ದಿನ ಬಂದು ಬಾಗ್ಲಲ್ಲಿ ಕುಂತ್ಕೊಂತು."

ದುಡುಕಿನಿಂದ ತೀವ್ರ ಗಾಯ ಮಾಡಿದ್ದಕ್ಕೆ ಐಪಿಸಿ 338ರಡಿ ಬಂಧಿಸಿ ಠಾಣೆಗೆ ತಂದರು. ಗುರುತು ಹಿಡಿಯಲು ಕರೆಸಿದ್ದ ಜುಂಜಮ್ಮ ಅವನನ್ನು ಕಂಡೊಡನೆ, "ಆವಯ್ಯನ್ನ ಬುಟ್ಬುಡಿ ಸಾ, ಕೇಳಿದ್ದು ನಾನೇ" ಎಂದಳು. ಅದು ತಮ್ಮ ಕೈಯಲ್ಲಿಲ್ಲ ಎಂದರು ಶಂಕರಲಿಂಗಪ್ಪ. ಮುದುಕ ಅವಳ ಮುಖ ನೋಡಲಾರದೆ ಗೋಡೆಯತ್ತ ತಿರುಗಿದ.

ಹೇಳಿಕೆ ಕೊಡುವಾಗ ಅವನು ತನ್ನ ಮಗಳ ವಿಷಯ ತೆಗೆದ. ಅವಳ ಕಣ್ಣೂ ಹೀಗೇ ಇದ್ದವು. ಸರಿಮಾಡಿಕೊಡಪ್ಪಾ ಎಂದು ಅವಳು ಗೋಗರೆದಾಗ, ದೇವರು ಕೊಟ್ಟ ಕಣ್ಣು ಚೆನ್ನಾಗೇ ಇವೆ ಎಂದು ಗದರಿ ಕೆಲಸಕ್ಕೆ ಹೋಗಿದ್ದ. ನಾಲ್ಕನೆಯ ಗಂಡೂ ಒಲ್ಲೆನೆಂದು ಹೋದ ವಾರದಲ್ಲೇ ಅವಳು ಬಾವಿಗೆ ಬಿದ್ದಿದ್ದಳು.

"ನನ್ನ ಮಗ್ಳಿಗೆ ಆಗಲ್ಲ ಅಂದ್ಬುಟ್ಟಿದ್ದೆ ಸಾಮಿ. ಈ ಮಗೂಗೂ ಅಂಗನ್ನಕ್ಕೆ ನಾಲಿಗೆ ಏಳ್ಲಿಲ್ಲ."

ಪ್ರಕರಣಕ್ಕೆ ಆ ಮಾತು ಬೇಕಿರಲಿಲ್ಲ. ಶಂಕರಲಿಂಗಪ್ಪ ಅದನ್ನೂ ಬರೆದುಕೊಂಡರು.