ಮೂಲೆ ಕಪಾಟಿನ ಬಾಗಿಲು

ಮೇಸ್ತ್ರಿ ಮೊದಲ ಸಲ ಆ ಮನೆಯೊಳಗೆ ಕಾಲಿಟ್ಟಾಗ ಪುಟ್ಟಿ ಊಟದ ಮೇಜಿನ ಕೆಳಗೆ ಮಂಡಿಯೂರಿ ಕೂತಿದ್ದಳು. ಕೈತಪ್ಪಿ ಉರುಳಿದ ಗಾಜಿನ ಮಣಿಯೊಂದನ್ನು ಹುಡುಕುತ್ತಿದ್ದಳು. ಒಳಗೆ ಬನ್ನಿ, ಆದರೆ ನೆಲ ನೋಡಿಕೊಂಡು ಬನ್ನಿ ಎಂದು ಕೆಳಗಿನಿಂದಲೇ ಹೇಳಿದಳು. ಅವನು ಎರಡು ಹೆಜ್ಜೆ ಇಟ್ಟು ನಿಂತ. ಕಾಲೆತ್ತಿ ನೋಡಿದ. ಮಣಿ ಅಲ್ಲೇ ಇತ್ತು, ಪುಡಿಯಾಗಿ.

"ಸಿಕ್ತು ಮೇಡಂ," ಅಂದ ಮೆಲ್ಲಗೆ. "ಆದ್ರೆ ನಿಮಗೆ ಖುಷಿ ಆಗೋ ಥರ ಅಲ್ಲ."

ಅವಳು ನಕ್ಕುಬಿಟ್ಟಳು. ಅವತ್ತು ನಗಬಾರದಿತ್ತು. ಮುಖ ಗಂಟಿಕ್ಕಿಕೊಂಡು, ಬೇರೆ ಬಡಗಿಯನ್ನು ನೋಡಿಕೊಳ್ಳುತ್ತೇನೆ ಹೋಗಿ ಅಂದಿದ್ದರೆ ಆ ಮನುಷ್ಯನ ಕೈ ಇವತ್ತಿಗೂ ನೆಟ್ಟಗಿರುತ್ತಿತ್ತು. ಆದರೆ ನಗು ಕೇಳಿಕೊಂಡು ಬರುತ್ತದೆಯೇ?

ಪುಟ್ಟಿ ಅನ್ನುವುದು ಚಿಕ್ಕಮ್ಮ ಕರೆಯುವ ಹೆಸರು. ಕಿವಿಯ ಪಕ್ಕ ಬಿಳಿಕೂದಲು ಇಣುಕಿದರೂ ಆ ಹೆಸರು ಬಿಟ್ಟು ಹೋಗಿಲ್ಲ. ತಾಯಿಯಿಲ್ಲದ ತನ್ನನ್ನು ಸಾಕಿದ ಚಿಕ್ಕಮ್ಮನಿಗೆ ಇನ್ನು ಬಾಡಿಗೆ ಮನೆಗಳ ಅಲೆದಾಟ ಬೇಡ ಎಂದು, ಬೆಳ್ಳಿ ತಂತಿ ಸುತ್ತಿ, ಮಣಿ ಪೋಣಿಸಿ, ಕಿವಿಯೋಲೆ ಸರ ಮಾರಿ ಪುಟ್ಟಿ ಈ ಹಳೆಯ ಮನೆ ಕೊಂಡಿದ್ದಳು. ಕೊಂಡ ಮೇಲೆ ತಿಳಿಯಿತು, ಆ ಮನೆಯಲ್ಲಿ ಸರಿಯಾಗಿದ್ದದ್ದು ವಿಳಾಸ ಒಂದೇ. ನಲ್ಲಿ ತಿರುಗಿಸಿದರೆ ನೀರು ಗೋಡೆಯಿಂದ ಬರುತ್ತಿತ್ತು. ಕಿಟಕಿ ತೆರೆದರೆ ಕಿಟಕಿಯೇ ಕೈಗೆ ಬರುತ್ತಿತ್ತು. "ಗಂಡು ನೋಡು ಅಂದ್ರೆ ಗೋಡೆ ನೋಡ್ಕೊಂಡು ಬಂದಿದ್ದೀಯಲ್ಲೇ," ಅಂದಳು ಚಿಕ್ಕಮ್ಮ. ಅಂದವಳೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಗುಡಿಸಲು ನಿಂತಳು.

ರಿಪೇರಿಯೂ ಒಡವೆಯೂ ಒಂದೇ ಸೂರಿನಡಿ ಸವತಿಯರಂತೆ ಬಾಳತೊಡಗಿದವು. ಅಡುಗೆಮನೆ ಅಗೆದಾಗ ಪುಟ್ಟಿಯ ಕೆಲಸದ ಮೇಜು ಹಾಲ್‌ಗೆ ಬಂತು. ಹಾಲ್‌ನ ನೆಲ ಕಿತ್ತಾಗ ಮಲಗುವ ಕೋಣೆಗೆ ಹೋಯಿತು. ಅಲ್ಲಿ ಕಿಟಕಿ ಬದಲಿಸುವಾಗ ಮೆಟ್ಟಿಲ ಕೆಳಗೆ ನುಸುಳಿತು. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಬಣ್ಣದ ಸ್ಯಾಂಪಲ್ಲು, ಹೆಗಲು ಕಿವಿಗಳ ನಡುವೆ ಸಿಕ್ಕಿಸಿಕೊಂಡ ಫೋನು. ಹೊಸ ಮದುಮಗಳೊಬ್ಬಳು, ಸರ ತುಂಬಾ ಚೆನ್ನಾಗಿದೆ, ಆದರೆ ವಾರ್ನಿಷ್ ವಾಸನೆ ಬರುತ್ತಿದೆ ಎಂದು ಮೆಸೇಜ್ ಹಾಕಿದಳು. ಅದು ಬೆಳ್ಳಿಗೆ ಕೊಟ್ಟ ವಿಶೇಷ ಪಾಲಿಷ್ ಎಂದು ಪುಟ್ಟಿ ಉತ್ತರ ಬರೆದಳು. ಸಣ್ಣಪುಟ್ಟ ಸುಳ್ಳು ಅವಳಿಗೆ ಸಲೀಸು. ಅದೇ ಮುಂದೆ ಮುಳುವಾಯಿತು.

ಮೇಸ್ತ್ರಿ ಮಿತಮಾತಿನವನು. ಮರಗೆಲಸ ಅವನಿಗೆ ಅಪ್ಪನಿಂದ ಬಂದದ್ದು. ಎಂಥ ಸಣ್ಣ ಹಲಗೆ ಕೂರಿಸಿದರೂ ಅದರ ಮೇಲೆ ರಸಮಟ್ಟದ ಪಟ್ಟಿ ಇಟ್ಟು, ಅದರೊಳಗಿನ ಗುಳ್ಳೆ ನಟ್ಟನಡುವೆ ಬಂದು ನಿಲ್ಲುವವರೆಗೆ ಉಸಿರು ಬಿಡುತ್ತಿರಲಿಲ್ಲ. ಚಿಕ್ಕಮ್ಮ ಅವನಿಗೆ ರಸಮಟ್ಟ ಎಂದೇ ಹೆಸರಿಟ್ಟಳು. ಅವನ ಮುಖವೂ ಹಾಗೇ, ಅತ್ತ ವಾಲದು ಇತ್ತ ವಾಲದು ಎಂದು ಅವಳ ತಕರಾರು.

ಆದರೆ ವಾಲುತ್ತಿತ್ತು. ಪುಟ್ಟಿಗೆ ಮಾತ್ರ ಕಾಣುತ್ತಿತ್ತು. ಪೆನ್ಸಿಲ್ಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡೇ ಅವನು ಮನೆಯೆಲ್ಲ ಹುಡುಕುವಾಗ ಅವಳು ಮಾತಾಡದೆ ಇಕ್ಕಳದಿಂದ ತನ್ನ ಕಿವಿಯನ್ನು ಮುಟ್ಟಿ ತೋರಿಸುತ್ತಿದ್ದಳು. ಅವನ ಕೈ ಕಿವಿಗೆ ಹೋಗುತ್ತಿತ್ತು, ಕಣ್ಣು ಅವಳ ಕಿವಿಯಲ್ಲೇ ಉಳಿಯುತ್ತಿತ್ತು. ಆ ಕಿವಿಯಲ್ಲಿ ದಿನಕ್ಕೊಂದು ಹೊಸ ಓಲೆ. ಒಂದು ದಿನ ಬೇಕೆಂದೇ ಎರಡು ಕಿವಿಗೂ ಬೇರೆ ಬೇರೆ ಓಲೆ ಹಾಕಿಕೊಂಡಳು. ಅವನು ಮಧ್ಯಾಹ್ನದವರೆಗೆ ಸುಮ್ಮನಿದ್ದು, ಕೊನೆಗೆ ತಡೆಯಲಾರದೆ, "ಎಡಗಡೇದು ಚೆನ್ನಾಗಿದೆ," ಎಂದು ಹಲಗೆ ಹೆರೆಯುತ್ತಿದ್ದ ಹತ್ತರಿಗೆ ಹೇಳುವಂತೆ ಹೇಳಿದ. ಪುಟ್ಟಿ ಆ ವಾರವೆಲ್ಲ ಎಡಗಡೆಯ ಓಲೆಗೊಂದು ಜೋಡಿ ಮಾಡುತ್ತ ಕೂತಳು. ಆರ್ಡರ್‌ಗಳು ಹಾಳಾಗಿ ಹೋಗಲಿ ಅನ್ನಿಸಿತ್ತು.

ಅವಳು ಕೇಳದೆಯೇ ಅವನು ಗರಗಸದ ಕೆಲಸವನ್ನು ಹಿತ್ತಲಿಗೆ ಒಯ್ದ, ಮಣಿಗಳ ಮೇಲೆ ಹೊಟ್ಟು ಬೀಳದಿರಲಿ ಎಂದು. ಮಿಷನ್ ಹಾಕುವ ಮೊದಲು ಅವಳ ಮೇಜಿಗೆ ತನ್ನ ಒಗೆದ ಪಂಚೆ ಹೊದಿಸುತ್ತಿದ್ದ. ಉಳಿದ ಚೂರು ಮರದಲ್ಲಿ ಪುಟ್ಟ ಪುಟ್ಟ ಮನೆಗಳಿರುವ ಮಣಿತಟ್ಟೆ ಮಾಡಿಕೊಟ್ಟ. ಒಂದು ಸಂಜೆ ಟೀ ಕುಡಿಯುತ್ತ ಅಪ್ಪನ ಕತೆ ಹೇಳಿದ. ಊರೆಲ್ಲ ಕರೆಯುತ್ತಿದ್ದ ಕೆಲಸಗಾರ, ಇದ್ದಕ್ಕಿದ್ದಂತೆ ಕೈ ನಡುಗಲು ಶುರುವಾಯಿತಂತೆ. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಕಟ್ಟಿದ ಬಾಗಿಲುಗಳು ಸಡಿಲವಾಗುತ್ತಿವೆ ಎಂದು ಜನ ದೂರಿದಾಗಲೇ ತಿಳಿದದ್ದು, ಸ್ಕ್ರೂ ಬಿಗಿಯಾಯಿತೋ ಇಲ್ಲವೋ ಅನ್ನುವುದು ಆ ಬೆರಳುಗಳಿಗೆ ತಿಳಿಯುತ್ತಿಲ್ಲ ಎಂದು. ಅಪ್ಪನ ಬಾಯಿಗೆ ಅನ್ನ ಇಡುತ್ತಲೇ ತನ್ನ ಮದುವೆಯ ವಯಸ್ಸು ಕಳೆಯಿತು ಎಂದು ಅವನು ನಕ್ಕ.

ಪುಟ್ಟಿ ಕೇಳಿದ್ದಳು. ಕಣ್ಣಲ್ಲಿ ನೀರು ತುಂಬಿಕೊಂಡೇ ಕೇಳಿದ್ದಳು. ಆದರೂ ಮರೆತಳು. ಪ್ರೀತಿಯಲ್ಲಿ ಬಿದ್ದವರಿಗೆ ತಮ್ಮ ಸಂಕಟದಷ್ಟು ಇನ್ನೊಬ್ಬರದು ನೆನಪಿರುವುದಿಲ್ಲ.

ಕೊನೆಯ ಕೆಲಸ ಅವಳ ಕೋಣೆಯ ಮೂಲೆ ಕಪಾಟು. ತಂತಿ, ಮಣಿ, ಡಬ್ಬಿಗಳಿಗೆಂದೇ ಅವನು ಮುತುವರ್ಜಿಯಿಂದ ಮಾಡಿದ್ದು. ಬಾಗಿಲು ಮುಚ್ಚಿದರೆ ಸದ್ದೇ ಇಲ್ಲ. ಅವನು ಸಾಮಾನು ಚೀಲ ಹೆಗಲಿಗೇರಿಸಿ, ಬಾಗಿಲ ಬಳಿ ಸುಮ್ಮನೆ ಹೊತ್ತು ಕಳೆದ. ಅವಳು ಏನಾದರೂ ಅಂದಾಳೆಂದು ಅವನು ನಿಂತ, ಅವನು ಅಂದಾನೆಂದು ಅವಳು ನಿಂತಳು. ಚಿಕ್ಕಮ್ಮ ಒಳಗಿಂದ ಕೆಮ್ಮಿದಳು. ಅವನು ಹೊರಟುಹೋದ.

ಮನೆ ಸುಂದರವಾಗಿತ್ತು. ಮೇಜು ಕೊನೆಗೂ ಒಂದು ಕಡೆ ನಿಂತಿತ್ತು. ಆರ್ಡರ್‌ಗಳನ್ನು ಹೊತ್ತಿಗೆ ಸರಿಯಾಗಿ ಕಳಿಸಬಹುದಿತ್ತು. ಪುಟ್ಟಿಗೆ ಯಾವುದೂ ಬೇಡವಾಯಿತು. ಡ್ರಿಲ್ಲಿನ ಸದ್ದಿಲ್ಲದ ಮನೆ ಬಿಕೋ ಅನ್ನುತ್ತಿತ್ತು. ಒಂದು ಬೆಳಿಗ್ಗೆ, ಓಲೆಯ ತಿರುಪು ಬಿಗಿಯುವ ಪುಟಾಣಿ ಸ್ಕ್ರೂಡ್ರೈವರ್ ಕೈಯಲ್ಲಿದ್ದಾಗ ಅವಳ ಕಣ್ಣು ಕಪಾಟಿನ ಕೀಲಿನ ಮೇಲೆ ಬಿತ್ತು. ಮೇಲಿನ ಸ್ಕ್ರೂವನ್ನು ಒಂದಿಷ್ಟೇ ಸಡಿಲಿಸಿದಳು. ಬಾಗಿಲು ಕೂದಲೆಳೆಯಷ್ಟು ಜೋತಿತು. ಆಮೇಲೆ ಅವನಿಗೆ ಫೋನ್ ಮಾಡಿದಳು.

ಅವನು ಓಡಿ ಬಂದ. ಬಾಗಿಲು ನೋಡಿ ಹುಬ್ಬು ಗಂಟಿಕ್ಕಿದ, ಬಿಗಿದ, ಕ್ಷಮೆ ಕೇಳಿದ. ಟೀ ಕುಡಿದ. ಅವಳು ಎಡಗಡೆಯ ಓಲೆಯ ಜೋಡಿಯನ್ನು ಹಾಕಿಕೊಂಡಿದ್ದಳು. ಅವನು ನೋಡಿದ, ಅವಳು ನೋಡದಂತೆ ನಟಿಸಿದಳು. ಅಷ್ಟು ಸುಖ ಸಾಕಿತ್ತು, ಅವಳು ಮತ್ತೆ ಸಡಿಲಿಸಲು.

ಎಷ್ಟು ಸಲವೋ ಆಯಿತು. ಅವನ ಹುಬ್ಬಿನ ಗಂಟು ಬಿಚ್ಚದಂತಾಯಿತು. ಬಿಗಿದ ಮೇಲೂ ಬೆರಳಿಂದ ಸ್ಕ್ರೂ ತಡವಿ ತಡವಿ ನೋಡುತ್ತಿದ್ದ. ಟೀ ಬೇಡ ಅನ್ನುತ್ತಿದ್ದ. ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಪುಟ್ಟಿ ಅದನ್ನು ನಾಚಿಕೆ ಅಂದುಕೊಂಡಳು. ಚಿಕ್ಕಮ್ಮನಿಗೆ ಮಾತ್ರ ಅನುಮಾನ. "ಆ ಬಾಗಿಲಿನ ಸ್ಕ್ರೂ ಸಡಿಲವೋ ನಿನ್ನದೋ?" ಎಂದು ಒಮ್ಮೆ ಕೇಳಿದಳು. ಪುಟ್ಟಿ ಕೆನ್ನೆ ಕೆಂಪಾಗಿಸಿಕೊಂಡು ತಂತಿ ಸುತ್ತಿದಳು.

ಆಮೇಲೆ ಅವನು ಫೋನ್ ಎತ್ತುವುದನ್ನೇ ಬಿಟ್ಟ. ಸುದ್ದಿ ತಂದವಳು ಚಿಕ್ಕಮ್ಮ. ಮಾರುಕಟ್ಟೆಯಲ್ಲಿ ಯಾರೋ ಹೇಳಿದರಂತೆ. ಬೇರೊಂದು ಮನೆಯಲ್ಲಿ ಬೀರು ಮಾಡುವಾಗ, ಎಲ್ಲಿ ಸಡಿಲವಾದೀತೋ ಎಂದು ಹೆದರಿ ಹೆದರಿ ಬಿಗಿದು ಹಲಗೆಯನ್ನೇ ಸೀಳಿದನಂತೆ. ಉಳಿ ಜಾರಿ ಕೈ ಕುಯ್ದುಕೊಂಡನಂತೆ. ಅಪ್ಪನ ರೋಗ ಮಗನಿಗೂ ಬಂತು ಎಂದು ತಾನೇ ಎಲ್ಲರಿಗೂ ಹೇಳಿ, ಸಾಮಾನುಗಳನ್ನು ಭಾವನಿಗೆ ಕೊಟ್ಟು, ಅಕ್ಕನ ಊರಿನ ಗೋದಾಮಿನಲ್ಲಿ ಕಾವಲು ಕೆಲಸಕ್ಕೆ ಹೊರಟಿದ್ದಾನಂತೆ.

ಪುಟ್ಟಿಯ ಕೈಯಿಂದ ಮಣಿತಟ್ಟೆ ಬಿತ್ತು. ಮಣಿಗಳು ಮನೆಯೆಲ್ಲ ಹರಡಿದವು. ಈ ಸಲ ಅವಳು ಒಂದನ್ನೂ ಹುಡುಕಲಿಲ್ಲ.

ಹೋಗುವ ಮುಂಚೆ ಒಮ್ಮೆ ಬಂದು ಹೋಗಿ ಎಂದು ಚಿಕ್ಕಮ್ಮನೇ ಹೇಳಿಕಳಿಸಿದ್ದಳು. ಅವನು ಅವತ್ತೇ ಬಂದ. ಹೆಗಲಲ್ಲಿ ಚೀಲವಿರಲಿಲ್ಲ. ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ. ನೆಲದ ಮೇಲಿನ ಮಣಿಗಳನ್ನು ನೋಡಿ, ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು, ಕಾಲು ಎಳೆದೆಳೆದು ಒಳಗೆ ಬಂದ.

"ಬಾಗಿಲು ಸಡಿಲ ಮಾಡಿದ್ದು ನಾನು," ಅಂದಳು ಪುಟ್ಟಿ. ಕೂರಿ ಅನ್ನಲೂ ತಡವಾದೀತೆಂಬ ಭಯ ಅವಳಿಗೆ.

ಅವನು ನಕ್ಕ. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ. ಬೇಡ ಮೇಡಂ. ಅಪ್ಪನಿಗೂ ಜನ ಹೀಗೇ ಹೇಳ್ತಿದ್ರು."

ಅವಳು ಸ್ಕ್ರೂಡ್ರೈವರ್ ತಂದು ಅವನ ಕಣ್ಣೆದುರೇ ಸ್ಕ್ರೂ ತಿರುಗಿಸಿದಳು. ಪಳಗಿದ ಕೈ. ಬಾಗಿಲು ಕೂದಲೆಳೆಯಷ್ಟು ಜೋತಿತು, ಪ್ರತಿ ಸಲ ಜೋತಂತೆಯೇ. ಆ ಜೋಲು ಅವನಿಗೆ ಚೆನ್ನಾಗಿ ಗುರುತಿತ್ತು. ಬೆರಳಿಂದ ಆ ಸ್ಕ್ರೂವನ್ನು ತಡವಿ ನೋಡಿದ.

"ಯಾಕೆ?"

"ನೀವು ಬರ್ಲಿ ಅಂತ."

"ಬನ್ನಿ ಅಂದಿದ್ರೆ ಬರ್ತಿರಲಿಲ್ವಾ?"

"ಏನಂತ ಕರೀಲಿ? ಕೆಲಸ ಮುಗಿದಿತ್ತಲ್ಲ."

"ಕೆಲಸ ಇಲ್ದಿದ್ರೂ ಬರೋಣ ಅಂತ ಎಷ್ಟು ಸಲ ಈ ಬೀದಿ ತುದಿವರೆಗೂ ಬಂದಿದ್ದೀನಿ," ಅಂದ ಅವನು. "ಏನ್ ನೆಪ ಹೇಳೋದು ಅಂತ ತಿಳೀದೆ ವಾಪಸ್ ಹೋಗಿದ್ದೀನಿ."

ಅವಳು ಕಾದು ಕೂತಿದ್ದ ಮಾತು ಇದೇ. ಬರಬಾರದ ಹೊತ್ತಿನಲ್ಲಿ ಬಂದಿತ್ತು. ಅಳುತ್ತಲೇ ಅಂದಳು, ಈಗ ಗೊತ್ತಾಯಿತಲ್ಲ, ನಿಮ್ಮ ಕೈಗೆ ಏನೂ ಆಗಿಲ್ಲ, ನಾಳೆಯಿಂದಲೇ ಸಾಮಾನು ಹಿಡಿಯಿರಿ.

ಅವನು ಬಲಗೈಯನ್ನು ಅವಳ ಮೇಜಿನ ಮೇಲೆ ಚಾಚಿದ. ಗಾಯದ ಗುರುತಿನ್ನೂ ಕೆಂಪಾಗಿತ್ತು. ಬೆರಳುಗಳು ಸಣ್ಣಗೆ, ನಿಲ್ಲದೆ ನಡುಗುತ್ತಿದ್ದವು.

"ನಾನು ನಂಬಿದೆ," ಅಂದ. "ಕೈ ನಂಬ್ತಾ ಇಲ್ಲ."

ಅವಳು ತಿಳಿದದ್ದನ್ನೆಲ್ಲ ಹೇಳಿದಳು. ಭಯಕ್ಕೆ ಹೀಗಾಗುತ್ತದೆ, ಡಾಕ್ಟರಿಗೆ ತೋರಿಸೋಣ, ನಾನು ಜೊತೆಗೆ ಬರುತ್ತೇನೆ. ಅವನು ತಲೆಯಾಡಿಸಿದ, ಆಗಲಿ ಎಂದಲ್ಲ, ಕೇಳಿಸಿತು ಎಂದಷ್ಟೇ. ಬೈಯಿರಿ, ಸಿಟ್ಟಾದರೂ ಮಾಡಿಕೊಳ್ಳಿ ಎಂದು ಬೇಡಿದಳು. ಸಿಟ್ಟು ಬಂದಿದ್ದರೆ ತನಗೂ ಸುಲಭವಿತ್ತು ಎಂದ.

"ಇಲ್ಲೇ ಇದ್ದುಬಿಡಿ," ಅಂದಳು ಕೊನೆಗೆ. "ಕೆಲಸ ಮಾಡೋದೇ ಬೇಡ. ಸುಮ್ನೆ ಇರಿ."

ಅವನು ಗೋಡೆ, ಕಿಟಕಿ, ಮೆಟ್ಟಿಲುಗಳ ಮೇಲೆಲ್ಲ ಕಣ್ಣಾಡಿಸಿದ. "ಈ ಮನೇಲಿ ನಾನು ಮುಟ್ಟದ ಮರ ಇಲ್ಲ. ಇದರ ಮಧ್ಯೆ ಕೈ ಕಟ್ಕೊಂಡು ಹೇಗೆ ಕೂರ್ಲಿ? ನಿಮ್ಮನ್ನ ನೋಡಿದಾಗೆಲ್ಲ ಈ ಕೈಯೂ ಕಾಣತ್ತೆ." ಕೈಯನ್ನು ಮೇಜಿನಿಂದ ಹಿಂದೆಳೆದುಕೊಂಡು, "ನಿಮ್ಮನ್ನ ನೋಡಿದಾಗ ಏನೂ ಅಡ್ಡ ಬರಬಾರ್ದು ಅಂತಿತ್ತು ನಂಗೆ," ಅಂದ.

ಹೊರಡುವ ಮೊದಲು ಅವನು ಜೋತ ಬಾಗಿಲ ಮುಂದೆ ನಿಂತ. ಕೆಲಸ ಅರ್ಧಕ್ಕೆ ಬಿಟ್ಟು ಹೋದವನಲ್ಲ. ಪುಟಾಣಿ ಸ್ಕ್ರೂಡ್ರೈವರ್ ತೆಗೆದುಕೊಂಡ. ಅದರ ತುದಿ ಸ್ಕ್ರೂವಿನ ಗೀರಿಗೆ ಕೂರಲೊಲ್ಲದು. ಜಾರಿತು, ಮತ್ತೆ ಜಾರಿತು. ಪುಟ್ಟಿ ಹತ್ತಿರ ಬಂದು ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಇಷ್ಟು ಕಾಲದಲ್ಲಿ ಅವರು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು. ಇಬ್ಬರ ಕೈಯೂ ಸೇರಿ ಸ್ಕ್ರೂ ತಿರುಗಿಸಿದವು, ನಿಧಾನವಾಗಿ, ಮುಗಿಯದಿರಲಿ ಎಂಬಂತೆ. ಮುಗಿಯಿತು. ಅವನ ಹಣೆ ಒಂದು ಗಳಿಗೆ ಅವಳ ನೆತ್ತಿಗೆ ತಾಗಿತು. ಆಮೇಲೆ ಅವನು ಮಣಿಗಳನ್ನು ತುಳಿಯದಂತೆ ಕಾಲೆಳೆಯುತ್ತ ಹೊಸ್ತಿಲು ದಾಟಿದ.

ಚಿಕ್ಕಮ್ಮ ನೆಲದ ಮೇಲೆ ಕೂತು ಮಣಿ ಆರಿಸತೊಡಗಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಮನೆಯಲ್ಲಿ ರಿಪೇರಿ ಇಲ್ಲ, ಒಡವೆಯೊಂದೇ. ಆರ್ಡರ್‌ಗಳು ಬರುತ್ತವೆ, ಹೋಗುತ್ತವೆ. ಯಾವ ಸರಕ್ಕೂ ವಾರ್ನಿಷ್ ವಾಸನೆಯಿಲ್ಲ. ಅಪರೂಪಕ್ಕೊಮ್ಮೆ, ಮಧ್ಯಾಹ್ನದ ಹೊತ್ತಿಗೆ ಗೋದಾಮಿನಿಂದ ಅವನ ಫೋನ್ ಬರುತ್ತದೆ. ಚಿಕ್ಕಮ್ಮನನ್ನು ಕೇಳುತ್ತಾನೆ, ವ್ಯಾಪಾರ ಕೇಳುತ್ತಾನೆ. ಕೈ ಹೇಗಿದೆ ಅಂದರೆ ಮಾತು ಮರೆಸುತ್ತಾನೆ.

ಮೊನ್ನೆ ಅವನ ಫೋನ್ ಬಂದಾಗ ಪುಟ್ಟಿ ಕಪಾಟಿನ ಮುಂದೆಯೇ ನಿಂತಿದ್ದಳು. ಬೆಳಿಗ್ಗೆ ಡಬ್ಬಿ ತೆಗೆಯಲು ಹೋದಾಗ ಬಾಗಿಲು ತಾನಾಗಿಯೇ ಕಳಚಿ ಜೋತಿತ್ತು. ಈ ಸಲ ಅವಳು ಮುಟ್ಟಿರಲಿಲ್ಲ. ಬಿಗಿಯಲು ನೋಡಿದಳು, ಸ್ಕ್ರೂ ಸುಮ್ಮನೆ ಸುತ್ತಿತು, ಹಿಡಿಯಲಿಲ್ಲ. ಅವಳು ಬಿಚ್ಚಿ ಬಿಚ್ಚಿಯೇ ಮರದೊಳಗಿನ ತೂತು ಅಗಲವಾಗಿಬಿಟ್ಟಿತ್ತು. ಅವನನ್ನು ಕರೆಯಲು ಕೊನೆಗೂ ನಿಜವಾದ ಕಾರಣ ಸಿಕ್ಕಿತ್ತು.

"ಆ ಮೂಲೆ ಕಪಾಟು ಹೇಗಿದೆ?" ಎಂದು ಅವನು ಕೇಳಿದ. ಹಿಂದೆಂದೂ ಕೇಳಿರಲಿಲ್ಲ. ಕೇಳಿ, ಉಸಿರು ಬಿಗಿಹಿಡಿದದ್ದು ಅವಳಿಗೆ ಇಲ್ಲಿ ಕೇಳಿಸಿತು. ರಸಮಟ್ಟದ ಗುಳ್ಳೆ ಮಧ್ಯಕ್ಕೆ ಬರಲಿ ಎಂದು ಕಾಯುವಾಗ ಹಿಡಿಯುತ್ತಿದ್ದ ಹಾಗೆಯೇ.

ನಿಜ ಹೇಳಿದರೆ, ತೂತು ಅಗಲವಾಗಿದೆ, ತಪ್ಪು ನನ್ನದು ಎಂದು ಎಷ್ಟು ಬಿಡಿಸಿ ಹೇಳಿದರೂ, ಅವನಿಗೆ ಕೇಳಿಸುವುದು ಒಂದೇ. ತನ್ನ ಕೈ ಕೊನೆಯದಾಗಿ ಬಿಗಿದದ್ದೂ ನಿಲ್ಲಲಿಲ್ಲ ಎಂದು.

ಪುಟ್ಟಿ ಕಳಚಿದ ಬಾಗಿಲನ್ನು ಹೆಗಲಿಗೆ ಆನಿಸಿಕೊಂಡಳು, ಕಿರ್ ಎಂಬ ಸದ್ದೂ ಅವನಿಗೆ ತಲುಪದಂತೆ.

"ಗಟ್ಟಿಯಾಗಿದೆ," ಅಂದಳು. "ಒಂಚೂರೂ ಅಲ್ಲಾಡಿಲ್ಲ."

ಬಿಗಿಹಿಡಿದ ಉಸಿರನ್ನು ಅವನು ಬಿಟ್ಟದ್ದು ಕೇಳಿಸಿತು. ಆಮೇಲೆ, ಗೋದಾಮಿನಲ್ಲಿ ಒಂದು ಸ್ಟೂಲ್ ಮುರಿದು ಬಿದ್ದಿದೆ, ಪುರುಸೊತ್ತಾದಾಗ ರಿಪೇರಿ ಮಾಡಿ ನೋಡಬೇಕು ಎಂದು ಹೇಳಿ ಅವನು ಫೋನ್ ಇಟ್ಟ.

ಅವಳು ಬಾಗಿಲ ಭಾರ ಹೊತ್ತು ಅಲ್ಲೇ ನಿಂತಿದ್ದಳು. ಅದನ್ನು ಸರಿ ಮಾಡಲು ಅವಳು ಇನ್ನೊಬ್ಬ ಬಡಗಿಯನ್ನು ಕರೆಯಲಿಲ್ಲ.